ಬಂಚ್ ಯಾವಾಗ, ಬಂಡಲ್ ಯಾವಾಗ?

ನಮಸ್ಕಾರ. ಒಂದು ನಿಮಿಷ ಇಂಗ್ಲಿಷ್ ಪಕ್ಕಕ್ಕಿಡಿ. ಮೊದಲು ಸಂತೆಗೆ ಹೋಗಿ ಬರೋಣ.

(ತೆರೆಯಲ್ಲಿ: ಸಂತೆ. ಬಾಳೆಹಣ್ಣು, ದ್ರಾಕ್ಷಿ, ಸೊಪ್ಪು.)

ಇದು ಬಾಳೆಗೊನೆ. ಇದು ದ್ರಾಕ್ಷಿ ಗೊಂಚಲು. ಇದು ಸೊಪ್ಪಿನ ಕಟ್ಟು. ಅಲ್ಲಿ ತಲೆ ಮೇಲೆ ಬರುತ್ತಿರುವುದು ಸೌದೆ ಹೊರೆ. "ಸೌದೆ ಗೊಂಚಲು" ಅಂದರೆ ಚಿಕ್ಕ ಮಗುವೂ ನಗುತ್ತದೆ, ಅಲ್ವಾ? ನಮಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಒಂದೇ ತೊಟ್ಟಿನಿಂದ ಇಳಿಬಿದ್ದರೆ ಗೊಂಚಲು. ಕಟ್ಟಿದರೆ ಕಟ್ಟು. ಹೊತ್ತರೆ ಹೊರೆ.

ಇಂಗ್ಲಿಷಿನ ಕಲೆಕ್ಟಿವ್ ನೌನ್, ಅಂದರೆ ಗುಂಪನ್ನು ಹೇಳುವ ಪದ, ಕೂಡ ಹೆಚ್ಚುಕಡಿಮೆ ಹೀಗೇ. ಆದರೆ ಶಾಲೆಯಲ್ಲಿ ನಮ್ಮ ಕೈಗೆ ಬಂದದ್ದು ಒಂದು ಉದ್ದ ಪಟ್ಟಿ. ಉರು ಹೊಡೆದೆವು, ಪರೀಕ್ಷೆ ಮುಗಿಯಿತು, ಮರೆತೆವು. ಇವತ್ತಿಗೂ ಮಕ್ಕಳು ಅದನ್ನೇ ಮಾಡುವುದು ನೋಡಿದರೆ ಬೇಸರವಾಗುತ್ತದೆ. ಪಟ್ಟಿಯ ಬದಲು ಒಂದು ಪ್ರಶ್ನೆ ಕೇಳಿ ನೋಡಿ: ಇವೆಲ್ಲ ಒಟ್ಟಿಗೆ ಇರುವುದು ಹೇಗೆ?

ಬಂಚ್ ಮತ್ತು ಬಂಡಲ್ ತೆಗೆದುಕೊಳ್ಳೋಣ. ದ್ರಾಕ್ಷಿ ಬಂಚ್. ಬೀಗದ ಕೈಗಳೂ ಬಂಚ್. ಕನ್ನಡದಲ್ಲೂ ಬೀಗದ ಕೈ ಗೊಂಚಲು ಅನ್ನುತ್ತೇವೆ, ಗಮನಿಸಿ! ಎರಡೂ ಒಂದು ಕಡೆ ಸೇರಿ, ಇನ್ನೊಂದು ಕಡೆ ಬಿಡಿಬಿಡಿಯಾಗಿವೆ. ಹಾಗಾದರೆ ಕೊತ್ತಂಬರಿ ಸೊಪ್ಪು? ಅದನ್ನು ದಾರ ಸುತ್ತಿ ಕಟ್ಟಿರುತ್ತಾರೆ. ಆದರೂ ಅದು ಬಂಚ್. ದಂಟು ಒಂದು ಕಡೆ ಮುಷ್ಟಿಯಲ್ಲಿ ಸೇರಿದೆ, ಎಲೆ ಹರಡಿಕೊಂಡಿದೆ. ಹೂವೂ ಅಷ್ಟೇ. ಬಂಡಲ್ ಬೇರೆ. ಸುತ್ತಿ ಬಿಗಿದದ್ದು ಬಂಡಲ್. ಸೌದೆ, ಹಳೇ ಪೇಪರ್, ಗಂಟು ಕಟ್ಟಿದ ಬಟ್ಟೆ. ಬಿಚ್ಚಿದರೆ ಎಲ್ಲ ಚೆಲ್ಲಾಪಿಲ್ಲಿ. ಬ್ಯಾಂಕಿನಲ್ಲಂತೂ ಇದಕ್ಕೆ ಲೆಕ್ಕವೇ ಇದೆ: 100 ನೋಟು ಸೇರಿದರೆ ಪ್ಯಾಕೆಟ್, ಅಂಥ 10 ಪ್ಯಾಕೆಟ್ ಸೇರಿದರೆ ಬಂಡಲ್.

ಬಾಳೆಹಣ್ಣಿನ ಹತ್ತಿರ ಒಂದು ಸಣ್ಣ ತೊಡಕಿದೆ. ಅಂಗಡಿಯ ಇಂಗ್ಲಿಷಿನಲ್ಲಿ ನಾಲ್ಕೈದು ಹಣ್ಣು ಸೇರಿದ್ದರೂ ಬಂಚ್. ಬೆಳೆಗಾರರ ಇಂಗ್ಲಿಷಿನಲ್ಲಿ ಬಂಚ್ ಅಂದರೆ ಇಡೀ ಗೊನೆ. ಅದರಲ್ಲಿ ಒಂದು ಚಿಪ್ಪು ಹ್ಯಾಂಡ್, ಅಂದರೆ ಕೈ. ಒಂದೊಂದು ಹಣ್ಣು ಫಿಂಗರ್, ಅಂದರೆ ಬೆರಳು. ಎಷ್ಟು ಚೆನ್ನಾಗಿದೆ!

ಶೀಫ್ ಅನ್ನುವುದು ನಮ್ಮ ಸಿವುಡು. ಕೊಯ್ದ ಪೈರನ್ನು ಉದ್ದಕ್ಕೆ ಜೋಡಿಸಿ ಕಟ್ಟಿದ್ದು. ಅದೇ ಪದ ಕಾಗದಕ್ಕೂ ಬಂತು, ಬಾಣಕ್ಕೂ ಬಂತು.

(ತೆರೆಯಲ್ಲಿ: ಒಗೆಯಲು ಗುಡ್ಡೆ ಹಾಕಿದ ಬಟ್ಟೆ. ಪಕ್ಕದಲ್ಲಿ ಮಡಿಸಿ ಪೇರಿಸಿದ ಬಟ್ಟೆ.)

ಎಡಗಡೆ ಹೀಪ್. ಬಲಗಡೆ ಸ್ಟ್ಯಾಕ್. ಪೈಲ್ ಎರಡಕ್ಕೂ ನಡೆಯುತ್ತದೆ. ಹುಲ್ಲಿನ ಬಣವೆ ಯಾಕೆ ಹೇಸ್ಟ್ಯಾಕ್ ಅಂತ ಈಗ ಹೇಳಬೇಕಾಗಿಲ್ಲ. ಬಣವೆ ಒಟ್ಟಿದವರಿಗೆ ಗೊತ್ತು, ಅದು ಸುಮ್ನೆ ಸುರಿದದ್ದಲ್ಲ.

ಪ್ರಾಣಿಗಳ ವಿಷಯದಲ್ಲಿ ಮಾತ್ರ ಕನ್ನಡ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ನಮಗೆ ದನವೂ ಮಂದೆ, ಕುರಿಯೂ ಮಂದೆ. ಆನೆಯೂ ಹಿಂಡು, ಹಕ್ಕಿಯೂ ಹಿಂಡು. ಇಂಗ್ಲಿಷ್ ಗೆರೆ ಎಳೆಯುವುದು ಬೇರೆ ಕಡೆ. ದನ, ಆನೆ, ಜಿಂಕೆ ಹರ್ಡ್. ಕುರಿ ಮತ್ತು ಹಕ್ಕಿ ಫ್ಲಾಕ್. ಮೇಕೆಗೆ ಎರಡೂ ಸರಿ. ಒಟ್ಟಾಗಿ ಬೇಟೆಯಾಡುವ ಪ್ರಾಣಿಯಾದರೆ ಪ್ಯಾಕ್. ಬಂಡೀಪುರಕ್ಕೆ ಹೋದಾಗ ನೋಡಿ: ಮೇಯುತ್ತಿರುವ ಜಿಂಕೆಗಳು ಹರ್ಡ್, ಅವುಗಳ ಬೆನ್ನು ಹತ್ತಿರುವ ಸೀಳುನಾಯಿಗಳು ಪ್ಯಾಕ್.

ಇನ್ನೂ ಒಂದು ಸೂಕ್ಷ್ಮ ಇದೆ. ಅದೇ ಪ್ರಾಣಿ, ಆದರೆ ಏನು ಮಾಡುತ್ತಿದೆ ಅನ್ನುವುದರ ಮೇಲೆ ಪದ ಬದಲಾಗುತ್ತದೆ. ದನದ ಹರ್ಡ್ ಅನ್ನು ದಾರಿಯಲ್ಲಿ ಅಟ್ಟಿಕೊಂಡು ಹೋದರೆ ಅದು ಡ್ರೋವ್. ಡ್ರೈವ್ ಅನ್ನುವ ಪದದ ನಂಟು ಅದು. ಜೇನುನೊಣಗಳು ಗೂಡಿನಲ್ಲಿ ಸಂಸಾರ ಮಾಡಿಕೊಂಡಿರುವಾಗ ಕಾಲೊನಿ, ಹೊಸ ಮನೆ ಹುಡುಕಿ ಹೊರಟಾಗ ಸ್ವಾರ್ಮ್.

ಕಾಗೆಗಳಿಗೆ ಮರ್ಡರ್ ಅನ್ನಬೇಕು ಅಂತ ಓದಿರುತ್ತೀರಿ. 1486ರಲ್ಲಿ ಇಂಗ್ಲೆಂಡಿನಲ್ಲಿ ಬೇಟೆಯ ಬಗ್ಗೆ ಒಂದು ಪುಸ್ತಕ ಅಚ್ಚಾಯಿತು. ಇಂಥ ಪದಗಳ ದೊಡ್ಡ ಪಟ್ಟಿ ಅದರಲ್ಲಿದೆ. ಕಾಗೆಗಳ ಮರ್ಡರ್ ಕೂಡ ಆ ಕಾಲದ ಇಂಥ ಪಟ್ಟಿಗಳಿಂದ ಬಂದದ್ದೇ. ಓದಲು ಖುಷಿ. ಆದರೆ ನೀವು ಪತ್ರ ಬರೆಯುವಾಗ ಅದು ಬೇಡ. ಫ್ಲಾಕ್ ಸಾಕು. ಎಲ್ಲರಿಗೂ ಅರ್ಥವಾಗುತ್ತದೆ.

ಮೀನು ಉಳಿಯಿತು. ಸ್ಕೂಲ್ ಅನ್ನಬೇಕೋ, ಶೋಲ್ ಅನ್ನಬೇಕೋ? ಮೊದಲು ಒಂದು ಮಾತು: ಈ ಸ್ಕೂಲಿಗೂ ಮಕ್ಕಳು ಹೋಗುವ ಸ್ಕೂಲಿಗೂ ಸಂಬಂಧವಿಲ್ಲ. ಮೀನಿನ ಸ್ಕೂಲ್ ಡಚ್ ಭಾಷೆಯಿಂದ ಬಂದದ್ದು, ಪಾಠಶಾಲೆಯ ಸ್ಕೂಲ್ ಗ್ರೀಕ್ ಮೂಲದ್ದು. ಮಾತಿನಲ್ಲಿ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಮೀನಿನ ಅಧ್ಯಯನ ಮಾಡುವವರು ಮಾತ್ರ ಬೇರೆ ಮಾಡುತ್ತಾರೆ. ನಮ್ಮ ಕರಾವಳಿಯ ಬೂತಾಯಿಯನ್ನು ನೆನೆಸಿಕೊಳ್ಳಿ. ಸಾವಿರಾರು ಮೀನು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಈಜುತ್ತಿವೆ, ತಿರುಗಿದರೂ ಒಟ್ಟಿಗೇ ತಿರುಗುತ್ತವೆ. ಅದು ಸ್ಕೂಲ್. ಅವೇ ಮೀನು ಹತ್ತಿರ ಹತ್ತಿರ ಇದ್ದುಕೊಂಡೇ, ಒಂದೊಂದು ಒಂದೊಂದು ಕಡೆ ಮುಖ ಮಾಡಿ ಮೇಯತೊಡಗಿದರೆ ಶೋಲ್.