ಆ ಕತ್ತಲು ಯಾರ ಕಣ್ಣಿನದು?

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹತ್ತು ಸೆಕೆಂಡಿನ ಬಗ್ಗೆ ಮಾತಾಡಲು ಬಂದಿದ್ದೇನೆ. ಆ ಹತ್ತು ಸೆಕೆಂಡು ಪರದೆಯ ಮೇಲೆ ಏನೂ ಇಲ್ಲ. ಚಿತ್ರ ಇಲ್ಲ, ಸದ್ದಿಲ್ಲ. ಬರೀ ಕಪ್ಪು.

2007ರ ಜೂನ್ 10, ಭಾನುವಾರ ರಾತ್ರಿ. ಅಮೆರಿಕದ ಎಚ್‌ಬಿಒ ಚಾನೆಲ್‌ನಲ್ಲಿ 'ದಿ ಸೊಪ್ರಾನೋಸ್' ಧಾರಾವಾಹಿಯ ಕೊನೆಯ ಕಂತು ಬರುತ್ತಿತ್ತು. ಅದು 86ನೆಯದು. ಸುಮಾರು 1 ಕೋಟಿ 19 ಲಕ್ಷ ಜನ ನೋಡುತ್ತಿದ್ದರು. ಕುಟುಂಬವೊಂದು ಹೋಟೆಲಿನಲ್ಲಿ ಕೂತಿದೆ, ಹಾಡು ನಡೆಯುತ್ತಿದೆ, ಬಾಗಿಲ ಗಂಟೆ ಬಾರಿಸುತ್ತದೆ, ಅಪ್ಪ ತಲೆ ಎತ್ತುತ್ತಾನೆ. ಪರದೆ ಕಪ್ಪಾಗುತ್ತದೆ. ಎಷ್ಟೋ ಜನ ಕೇಬಲ್ ಕೈಕೊಟ್ಟಿತು ಎಂದುಕೊಂಡರು. ಆಮೇಲೆ ಸದ್ದೇ ಇಲ್ಲದೆ ಹೆಸರುಗಳು ಬಂದವು. ಮಂಗಳ ಹಾಡದೆ ಆಟ ಮುಗಿಸಿದ ಹಾಗೆ.

ನಾನು ಇದನ್ನು ನೋಡಿದ್ದು ಎಷ್ಟೋ ವರ್ಷ ಆದ ಮೇಲೆ, ಲ್ಯಾಪ್‌ಟಾಪಿನಲ್ಲಿ. ನನಗೂ ನೆಟ್ ಹೋಯಿತು ಅನ್ನಿಸಿತು. ಹಿಂದಕ್ಕೆ ಎಳೆದು ಮತ್ತೆ ನೋಡಿದೆ. ಅದೇ ಜಾಗದಲ್ಲಿ ಮತ್ತೆ ಕತ್ತಲು. ಆ ರಾತ್ರಿ ನನಗೆ ಸಿಟ್ಟು ಬಂದಿತ್ತು. ಇವತ್ತು ಸಿಟ್ಟಿಲ್ಲ. ಆ ಸಿಟ್ಟು ಹೇಗೆ ಇಳಿಯಿತು ಎಂಬುದನ್ನೇ ನಿಮ್ಮ ಮುಂದೆ ಇಡಬೇಕು.

ನೋಡದೇ ಇರುವವರಿಗಾಗಿ ಸ್ವಲ್ಪ ಹಿನ್ನೆಲೆ. ಟೋನಿ ಸೊಪ್ರಾನೊ ನ್ಯೂಜೆರ್ಸಿಯ ಒಬ್ಬ ಮಾಫಿಯಾ ನಾಯಕ. ಆ ಪಾತ್ರ ಮಾಡಿದವರು ಜೇಮ್ಸ್ ಗ್ಯಾಂಡೋಲ್ಫಿನಿ. ಧಾರಾವಾಹಿಯನ್ನು ಕಟ್ಟಿದವರು ಡೇವಿಡ್ ಚೇಸ್. ಕೊನೆಯ ಕಂತನ್ನು ಬರೆದದ್ದೂ ನಿರ್ದೇಶಿಸಿದ್ದೂ ಅವರೇ. ಮೊದಲ ಕಂತು ಬಂದದ್ದು 1999ರ ಜನವರಿಯಲ್ಲಿ. ಟೋನಿಯ ಮನೆಯ ಈಜುಕೊಳಕ್ಕೆ ಒಂದು ಬಾತುಕೋಳಿ ಸಂಸಾರ ಬಂದು ಸೇರಿರುತ್ತದೆ. ಮರಿಗಳು ಬಲಿತು ಒಂದು ದಿನ ಎಲ್ಲವೂ ಹಾರಿ ಹೋಗುತ್ತವೆ. ಈ ದೊಡ್ಡ ಆಳು ಅದನ್ನು ನೋಡಿ ಎಚ್ಚರ ತಪ್ಪಿ ಬೀಳುತ್ತಾನೆ. ಮನೋವೈದ್ಯೆ ಡಾಕ್ಟರ್ ಮೆಲ್ಫಿಯ ಹತ್ತಿರ ಹೋಗುತ್ತಾನೆ. ಎದುರು ಕೂತು ಮಾತಾಡುತ್ತಾ ಅವನಿಗೆ ಗೊತ್ತಾಗುತ್ತದೆ, ತನ್ನ ಸಂಸಾರವೂ ಹೀಗೇ ಕೈತಪ್ಪಿ ಹೋಗುತ್ತದೆ ಎಂಬ ಭಯ ತನಗೆ ಇದೆ ಅಂತ. ಈ ಬಾತುಕೋಳಿಗಳನ್ನು ಮರೆಯಬೇಡಿ. ಕೊನೆಯ ದೃಶ್ಯದಲ್ಲೂ ಒಂದು ಸಂಸಾರ ಒಬ್ಬೊಬ್ಬರಾಗಿ ಬಂದು ಸೇರುತ್ತದೆ.

ಈಗ ಆ ದೃಶ್ಯಕ್ಕೆ ಹೋಗೋಣ. ಜಾಗದ ಹೆಸರು ಹೋಲ್‌ಸ್ಟನ್ಸ್. ಬ್ಲೂಮ್‌ಫೀಲ್ಡ್ ಎಂಬ ಊರಿನಲ್ಲಿ ನಿಜವಾಗಿಯೂ ಇರುವ ಐಸ್‌ಕ್ರೀಮ್ ಅಂಗಡಿ ಅದು. (ಅವರು ಕೂತ ಆ ಮೇಜು, ಸೀಟುಗಳನ್ನು 2024ರಲ್ಲಿ ಹರಾಜು ಹಾಕಿದಾಗ 82,600 ಡಾಲರ್ ಬಂತು.) ಟೋನಿ ಒಳಗೆ ಬರುತ್ತಾನೆ. ನಿಂತು ಸುತ್ತ ನೋಡುತ್ತಾನೆ. ಅವನ ಮುಖ ಕಾಣುತ್ತದೆ. ಮರುಕ್ಷಣ ಅವನು ನೋಡುತ್ತಿರುವ ಹೋಟೆಲು ಕಾಣುತ್ತದೆ, ಅಲ್ಲಿ ಟೋನಿಯೇ ಕೂತಿದ್ದಾನೆ! ನಡೆದು ಹೋಗಿದ್ದನ್ನು ತೋರಿಸುವುದೇ ಇಲ್ಲ. ತನ್ನನ್ನು ತಾನೇ ದೂರದಿಂದ ನೋಡಿದ ಹಾಗೆ. ಮೊದಲ ಸಲ ನೋಡಿದಾಗ ಇದು ನನ್ನ ಗಮನಕ್ಕೇ ಬಂದಿರಲಿಲ್ಲ.

ಮೇಜಿನ ಮೇಲಿನ ಪುಟ್ಟ ಜೂಕ್‌ಬಾಕ್ಸಿನಲ್ಲಿ ಹಾಡು ಹುಡುಕಿ ಕಾಸು ಹಾಕುತ್ತಾನೆ. ಜರ್ನಿ ಎಂಬ ತಂಡದ 1981ರ ಹಾಡು ಶುರುವಾಗುತ್ತದೆ. ಇಲ್ಲಿಂದ ಒಂದು ಲಯ ಹಿಡಿಯುತ್ತದೆ. ಬಾಗಿಲ ಗಂಟೆ. ಟೋನಿಯ ಮುಖ. ಆಮೇಲೆ ಟೋನಿಯ ಕಣ್ಣಿಗೆ ಕಂಡ ಬಾಗಿಲು. ಗಂಟೆ, ಮುಖ, ಬಾಗಿಲು. ಯಾರೋ ಹೆಂಗಸು ಬರುತ್ತಾಳೆ. ಹೆಂಡತಿ ಕಾರ್ಮೆಲಾ ಬರುತ್ತಾಳೆ. ಮಗ ಎ.ಜೆ. ಬರುತ್ತಾನೆ. ಮಗನಿಗಿಂತ ಒಂದು ಹೆಜ್ಜೆ ಮುಂದೆ ತಿಳಿಬಣ್ಣದ ಜಾಕೆಟ್ ಹಾಕಿದ ಅಪರಿಚಿತನೊಬ್ಬ ಬರುತ್ತಾನೆ. ಆತ ಕೌಂಟರಿನಲ್ಲಿ ಕೂತು ಒಂದೆರಡು ಸಲ ಟೋನಿಯ ಕಡೆ ತಿರುಗುತ್ತಾನೆ. ಆಮೇಲೆ ಎದ್ದು ಟೋನಿಯ ಪಕ್ಕದಿಂದಲೇ ಟಾಯ್ಲೆಟ್‌ಗೆ ಹೋಗುತ್ತಾನೆ. ಹೊರಗೆ ಮಗಳು ಮೆಡೋ ಕಾರು ಪಾರ್ಕ್ ಮಾಡಲು ಒದ್ದಾಡುತ್ತಿದ್ದಾಳೆ. ಹಿಂದೆ, ಮುಂದೆ, ಮತ್ತೆ ಹಿಂದೆ. ಕೊನೆಗೂ ಚಕ್ರ ಸರಿಯಾಗಿ ಕೂರುತ್ತದೆ. ಇಳಿದು ರಸ್ತೆ ದಾಟಿ ಓಡಿ ಬರುತ್ತಾಳೆ.

ಗಂಟೆ. ಟೋನಿಯ ಮುಖ. ಕಪ್ಪು.

ಹಾಡು ನಿಂತದ್ದು ಯಾವ ಪದದ ಮೇಲೆ ಗೊತ್ತಾ? 'ಸ್ಟಾಪ್' ಎಂಬ ಪದದ ಮೇಲೆ.

ಲಯ ನೆನಪಿದೆ ಅಲ್ವಾ? ಮುಖ ಆದ ಮೇಲೆ ಬರಬೇಕಾಗಿದ್ದು ಟೋನಿಯ ಕಣ್ಣಿಗೆ ಕಂಡದ್ದು. ಆ ಜಾಗದಲ್ಲಿ ಕಪ್ಪು ಬಂದಿದೆ. ಹಾಗಾದರೆ ಅದು ಧಾರಾವಾಹಿಗೆ ಹಾಕಿದ ತೆರೆಯಲ್ಲ. ಅದು ಟೋನಿಗೆ ಕಂಡದ್ದು. ಅವನಿಗೆ ಏನೂ ಕಾಣಲಿಲ್ಲ, ಏನೂ ಕೇಳಿಸಲಿಲ್ಲ. ಅದಕ್ಕೇ ಹಾಡೂ ನಿಂತಿತು. ಟೋನಿ ಸತ್ತ ಎನ್ನುವವರ ಕೈಯಲ್ಲಿರುವ ಗಟ್ಟಿ ಸಾಕ್ಷಿ ಇದೇ.

ಇದಕ್ಕೆ ಬೆಂಬಲ ಹಿಂದಿನ ಕಂತುಗಳಲ್ಲೇ ಇದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಕಂತಿನಲ್ಲಿ ಟೋನಿ ಮತ್ತು ಅಕ್ಕನ ಗಂಡ ಬಾಬಿ ಒಂದು ಕೆರೆಯಲ್ಲಿ ದೋಣಿಯ ಮೇಲೆ ಕೂತಿರುತ್ತಾರೆ. ನಮ್ಮಂಥವರಿಗೆ ಸಾವು ಬಂದಾಗ ಬಹುಶಃ ಕೇಳಿಸುವುದೂ ಇಲ್ಲವೇನೋ ಎಂಬ ಅರ್ಥದ ಮಾತೊಂದನ್ನು ಬಾಬಿ ಆಡುತ್ತಾನೆ. ಕೊನೆಯದಕ್ಕಿಂತ ಒಂದು ಹಿಂದಿನ ಕಂತಿನಲ್ಲಿ ಬಾಬಿ ಕೊಲೆಯಾಗುತ್ತಾನೆ, ಆಟಿಕೆ ರೈಲಿನ ಅಂಗಡಿಯಲ್ಲಿ. ಅದೇ ರಾತ್ರಿ ಟೋನಿ ಬಂದೂಕು ಹಿಡಿದು ಹಾಸಿಗೆಯಲ್ಲಿ ಮಲಗಿರುವಾಗ ದೋಣಿಯ ಆ ಮಾತು ಮತ್ತೆ ಬರುತ್ತದೆ. ಸುಮ್ನೆ ಯಾರೂ ಒಂದು ಮಾತನ್ನು ಎರಡು ಸಲ ಕೇಳಿಸುವುದಿಲ್ಲ.

ಇನ್ನೊಂದು ಪ್ರಸಂಗದ ಬಗ್ಗೆ ಕಡಿಮೆ ಜನ ಮಾತಾಡುತ್ತಾರೆ. ನನಗೆ ಅದೇ ಹೆಚ್ಚು ಮುಖ್ಯ. ಟೋನಿಯ ಬಲಗೈ ಸಿಲ್ವಿಯೊ ಒಂದು ರೆಸ್ಟೋರೆಂಟಿನಲ್ಲಿ ಊಟ ಮಾಡುತ್ತಿರುತ್ತಾನೆ. ಎದುರಿಗೆ ಕೂತವನಿಗೆ ಯಾರೋ ಗುಂಡು ಹೊಡೆಯುತ್ತಾರೆ. ಸಿಲ್ವಿಯೊಗೆ ಮೊದಲು ಗೊತ್ತಾಗುವುದು ಮುಖಕ್ಕೆ ಸಿಡಿದ ರಕ್ತ. ಸದ್ದು ತಡವಾಗಿ ಬರುತ್ತದೆ. ಅಂದರೆ ಕಣ್ಣು, ಕಿವಿ, ಸಾವು ಮೂರೂ ಒಟ್ಟಿಗೆ ಬರುವುದಿಲ್ಲ ಎಂದು ಮೊದಲೇ ನಮಗೆ ಪಾಠ ಮಾಡಿದ್ದಾರೆ. ಪಕ್ಕದಲ್ಲಿ ಕೂತವನಿಗೇ ಅಷ್ಟು ತಡ ಆದರೆ, ಗುಂಡು ತಗುಲಿದವನಿಗೆ?

2004ರಲ್ಲಿ, ಟೋನಿಯ ಗುಂಪಿನವನೊಬ್ಬನ ಪ್ರೇಯಸಿ ಆಡ್ರಿಯಾನಾಳನ್ನು ಕಾಡಿಗೆ ಕರೆದುಕೊಂಡು ಹೋಗಿ ಕೊಲ್ಲುವ ಕಂತು ಬಂತು. ಅವಳು ತರಗೆಲೆಗಳ ಮೇಲೆ ತೆವಳುತ್ತಾ ಚೌಕಟ್ಟಿನಿಂದ ಆಚೆ ಹೋಗುತ್ತಾಳೆ. ಗುಂಡಿನ ಸದ್ದು ಮಾತ್ರ ಕೇಳುತ್ತದೆ. ಹೆಣ ತೋರಿಸದೆ ಸಾವನ್ನು ಹೇಳುವುದು ಇವರಿಗೆ ಹೊಸದೇನಲ್ಲ. ಅಲ್ಲಿ ಸದ್ದಾದರೂ ಇತ್ತು. ಇಲ್ಲಿ ಅದನ್ನೂ ತೆಗೆದರು, ಅಷ್ಟೇ.

ಬದುಕಿದ್ದಾನೆ ಎನ್ನುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಅವರು ಕೇಳುವುದು ನ್ಯಾಯವಾದ ಪ್ರಶ್ನೆ: ಕೊಲ್ಲುವವರು ಯಾರು? ನ್ಯೂಯಾರ್ಕಿನ ಎದುರಾಳಿ ಗುಂಪಿನವರ ಜೊತೆ ಆಗಲೇ ರಾಜಿ ಆಗಿದೆ. ಶತ್ರು ಫಿಲ್ ಲಿಯೊಟಾರ್ಡೊ ಪೆಟ್ರೋಲ್ ಬಂಕಿನಲ್ಲಿ ಹೆಣವಾಗಿದ್ದಾನೆ. ಅವನ ಕಡೆಯವರೇ ಅದಕ್ಕೆ ಅಡ್ಡ ಬರಲಿಲ್ಲ. ಇನ್ನೊಂದು ಮಾತು, ಕ್ಯಾಮೆರಾ ಪೂರ್ತಿ ಟೋನಿಯ ಕಣ್ಣಿಗೆ ಅಂಟಿಕೊಂಡಿಲ್ಲ. ಮೆಡೋ ಕಾರು ನಿಲ್ಲಿಸುವುದು ಅವನಿಗೆ ಕಾಣಲು ಸಾಧ್ಯವೇ ಇಲ್ಲ, ಆದರೂ ನಮಗೆ ಕಂಡಿದೆ. ಹಾಗಿದ್ದ ಮೇಲೆ ಕೊನೆಯ ಕಪ್ಪು ಮಾತ್ರ ಅವನದೇ ಎಂದು ಹೇಗೆ ಹೇಳುತ್ತೀರಿ? ಗಟ್ಟಿ ವಾದ ಇದು. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಇಷ್ಟು ಹೇಳಬಲ್ಲೆ: ಗಂಟೆ ಬಾರಿಸಿದಾಗಲೆಲ್ಲ ಕ್ಯಾಮೆರಾ ಅವನ ಹತ್ತಿರಕ್ಕೇ ಬರುತ್ತದೆ. ಕಪ್ಪು ಬಂದದ್ದೂ ಗಂಟೆಯ ಬೆನ್ನಿಗೇ. ಹಾಗಾಗಿ ನನ್ನ ತಕ್ಕಡಿ ಸಾವಿನ ಕಡೆಗೇ ಬಾಗುತ್ತದೆ.

ಚೇಸ್ ಏನು ಹೇಳಿದರು? ಕಂತು ಬಂದ ಕೂಡಲೇ, ವಿವರಿಸುವುದಿಲ್ಲ, ಇರಬೇಕಾದ್ದೆಲ್ಲ ಅಲ್ಲೇ ಇದೆ ಎಂದರು. 2014ರಲ್ಲಿ ಟೋನಿ ಸತ್ತಿಲ್ಲ ಎಂದು ಅವರು ಹೇಳಿದ್ದಾರೆಂಬ ಬರಹ ಬಂತು, ಅದು ತಪ್ಪು ತಿಳಿವಳಿಕೆ ಎಂಬ ಸ್ಪಷ್ಟೀಕರಣವೂ ಹಿಂದೆಯೇ ಬಂತು. ಆಮೇಲೊಂದು ಸಂದರ್ಶನದಲ್ಲಿ 'ಸಾವಿನ ದೃಶ್ಯ' ಎಂಬ ಮಾತು ಅವರ ಬಾಯಿಂದಲೇ ಜಾರಿತು. 2021ರಲ್ಲಿ ಇನ್ನೂ ಬಿಡಿಸಿ ಹೇಳಿದರು, ಪುಟ್ಟ ಹೋಟೆಲೊಂದನ್ನು ನೋಡಿ ಟೋನಿ ಇಂಥ ಜಾಗದಲ್ಲೇ ಮುಗಿಯಬೇಕು ಅನ್ನಿಸಿತ್ತು ಅಂತ. ಇಷ್ಟು ಸಾಕು. ಬರೆದವರ ಬಾಯಿ ಬಿಡಿಸಿ ತೀರ್ಪು ಪಡೆಯುವುದು ನನಗೆ ರುಚಿಸುವುದಿಲ್ಲ. ಕಣ್ಣ ಮುಂದೆ ದೃಶ್ಯವೇ ಇದೆ, ಅದನ್ನೇ ನೋಡೋಣ.

ಸತ್ತನೋ ಇಲ್ಲವೋ ಎಂಬ ಲೆಕ್ಕ ಹಾಕುತ್ತಾ ನಾವು ಆ ಮೇಜಿನ ಮೇಲಿನ ಮಾತನ್ನೇ ಕೇಳಿಸಿಕೊಂಡಿಲ್ಲ. ನನಗೆ ಬೇಜಾರಾಗುವುದು ಅದಕ್ಕೆ.

ಮೊದಲ ಸೀಸನ್ನಿನ ಕೊನೆಯಲ್ಲಿ ಒಂದು ಬಿರುಗಾಳಿಯ ರಾತ್ರಿ ಇದೆ. ಕರೆಂಟ್ ಹೋಗಿರುತ್ತದೆ. ಟೋನಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗೆಳೆಯನ ಹೋಟೆಲಿಗೆ ನುಗ್ಗುತ್ತಾನೆ. ಮೋಂಬತ್ತಿ ಬೆಳಕಿನಲ್ಲಿ ಊಟ. ಆಗ ಗ್ಲಾಸ್ ಎತ್ತಿ ಮಕ್ಕಳಿಗೆ ಹೇಳುತ್ತಾನೆ, ಮುಂದೆ ನಿಮಗೂ ಸಂಸಾರ ಆಗುತ್ತದೆ, ಆಗ ಇಂಥ ಚಿಕ್ಕ ಚಿಕ್ಕ ಒಳ್ಳೆಯ ಗಳಿಗೆಗಳನ್ನು ನೆನಪಿಡಿ ಅಂತ. ಎಂಟು ವರ್ಷ ಕಳೆದು ಹೋಲ್‌ಸ್ಟನ್ಸ್‌ನಲ್ಲಿ ಕೂತಾಗ, ಹೊಸ ಕೆಲಸದ ಬಗ್ಗೆ ಗೊಣಗುತ್ತಿರುವ ಮಗ ಅದೇ ಮಾತನ್ನು ಅಪ್ಪನಿಗೆ ನೆನಪಿಸುತ್ತಾನೆ. ಒಳ್ಳೆಯ ಗಳಿಗೆಗಳನ್ನು ನೆನಪಿಡಿ ಎಂದು ನೀನೇ ಒಂದು ಸಲ ಹೇಳಿದ್ದೆ ಅಲ್ವಾ?

ಟೋನಿ ಕೇಳುತ್ತಾನೆ, 'ಹೌದಾ? ನಾನಾ?'

ಅವನಿಗೆ ನೆನಪೇ ಇಲ್ಲ.

ಇದೇ ಕಂತಿನಲ್ಲಿ ಇದಕ್ಕೆ ಸ್ವಲ್ಪ ಮೊದಲು ಟೋನಿ ತನ್ನ ದೊಡ್ಡಪ್ಪ ಜೂನಿಯರ್‌ನನ್ನು ನೋಡಲು ಆಸ್ಪತ್ರೆಗೆ ಹೋಗಿರುತ್ತಾನೆ. ಮುದುಕನಿಗೆ ಮರೆವು. ಹಲ್ಲಿಲ್ಲ, ಗಾಲಿಕುರ್ಚಿಯಲ್ಲಿ ಕೂತು ಕಿಟಕಿ ನೋಡುತ್ತಿದ್ದಾನೆ. ನೀನೂ ನನ್ನಪ್ಪನೂ ಸೇರಿ ಉತ್ತರ ಜೆರ್ಸಿಯನ್ನೇ ಆಳುತ್ತಿದ್ದಿರಿ ಎಂದು ಟೋನಿ ನೆನಪಿಸುತ್ತಾನೆ. ಮುದುಕ ಕೇಳುತ್ತಾನೆ, 'ಹೌದಾ? ನಾವಾ?' ಟೋನಿಯ ಕಣ್ಣು ತುಂಬುತ್ತದೆ.

ಈ ಎರಡು 'ಹೌದಾ'ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಬ್ಬನಿಗೆ ಕಾಯಿಲೆಯಿಂದ ಮರೆವು. ಇನ್ನೊಬ್ಬನಿಗೆ ಯಾವ ಕಾಯಿಲೆಯೂ ಇಲ್ಲ. ತನ್ನ ಬಾಯಿಂದ ಬಂದ ಅತ್ಯಂತ ಒಳ್ಳೆಯ ಮಾತನ್ನೇ ಅವನು ಕಳೆದುಕೊಂಡಿದ್ದಾನೆ. ಈಗ ಎದುರಿಗಿರುವುದೂ ಅಂಥದೇ ಒಂದು ಗಳಿಗೆ. ಬಿಸಿ ಈರುಳ್ಳಿ ರಿಂಗು, ಇಷ್ಟದ ಹಾಡು, ಹೆಂಡತಿ, ಮಗ, ಓಡಿ ಬರುತ್ತಿರುವ ಮಗಳು. ಹಾರಿ ಹೋದ ಬಾತುಕೋಳಿಗಳು ಕೊಳಕ್ಕೆ ವಾಪಸ್ ಬಂದ ಹಾಗೆ. ಆದರೂ ಅವನ ಕಣ್ಣು ಬಾಗಿಲ ಮೇಲಿದೆ. ಪ್ರತಿ ಗಂಟೆಗೂ ತಲೆ ಎತ್ತಬೇಕು. ಅವನ ಕಡೆಯ ಒಬ್ಬ ಪೊಲೀಸರ ಕಡೆಗೆ ಸೇರಿ ಸಾಕ್ಷಿ ಹೇಳಲಿದ್ದಾನೆ ಎಂಬ ಸುದ್ದಿಯನ್ನು ಕಾರ್ಮೆಲಾಗೆ ಹೇಳುವುದೂ ಇದೇ ಮೇಜಿನಲ್ಲಿ. ಗುಂಡಲ್ಲದಿದ್ದರೆ ಕೋರ್ಟು. ಎರಡಕ್ಕೂ ಬಾಗಿಲು ಅದೇ.

ನಾವು ಏನು ಮಾಡುತ್ತಿದ್ದೆವು? ಜಾಕೆಟ್ಟಿನವನನ್ನು ನೋಡುತ್ತಿದ್ದೆವು. ಟೋಪಿ ಹಾಕಿಕೊಂಡು ಒಬ್ಬನೇ ಕೂತವನನ್ನು ನೋಡುತ್ತಿದ್ದೆವು. ಆ ಮೇಜಿನಲ್ಲಿ ಮಗ ಏನು ಹೇಳಿದ ಎಂಬುದು ನಮ್ಮ ಕಿವಿಗೂ ಬೀಳಲಿಲ್ಲ. ನಾನು ಮೊದಲ ಸಲ ನೋಡಿದಾಗ ಆ 'ಹೌದಾ' ಕೇಳಿಸಿಕೊಂಡೇ ಇರಲಿಲ್ಲ. ಯಾರಿಗೆ ಗುಂಡು ಬೀಳುತ್ತದೆ ಎಂದು ಕಾಯುತ್ತಿದ್ದೆ. ಟೋನಿಯ ಹಾಗೆಯೇ ಬಾಗಿಲು ಕಾಯುತ್ತಿದ್ದೆ. ಹಾಗಾಗಿ ಆ ಕತ್ತಲು ಟೋನಿಯ ಕಣ್ಣಿನದು ಎಂದರೆ ಅರ್ಧ ಉತ್ತರ ಆಗುತ್ತದೆ. ನಾಲ್ಕೈದು ನಿಮಿಷದಲ್ಲಿ ನಮ್ಮ ಕಣ್ಣನ್ನೂ ಅವನ ಕಣ್ಣಿನ ಹಾಗೆ ಮಾಡಿ, ಆಮೇಲೆ ಮುಚ್ಚಿದ್ದಾರೆ.

'ಮಾಡಿದ್ದುಣ್ಣೋ ಮಹಾರಾಯ' ಎಂಬುದನ್ನು ಕಣ್ಣಾರೆ ನೋಡುವ ಆಸೆ ಎಲ್ಲರಿಗೂ ಇತ್ತು. ನನಗೂ ಇತ್ತು. ಎಂಟು ವರ್ಷ ಅವನ ಪರ ಇದ್ದ ಜನ ಕೊನೆಗೆ ಅವನ ರಕ್ತ ಕೇಳಿದ್ದು ಚೇಸ್‌ಗೆ ನೋವು ಕೊಟ್ಟಿತ್ತು. ಹೆಣ ತೋರಿಸಿದ್ದರೆ ಲೆಕ್ಕ ಚುಕ್ತಾ ಆಯಿತು ಎಂದು ನಾವು ಎದ್ದು ಮಲಗಲು ಹೋಗುತ್ತಿದ್ದೆವು. ಮಗನ ಮಾತು ಅಲ್ಲೇ ಸತ್ತು ಹೋಗುತ್ತಿತ್ತು.

ಗ್ಯಾಂಡೋಲ್ಫಿನಿ 2013ರ ಜೂನ್ 19ರಂದು ರೋಮ್‌ನಲ್ಲಿ ತೀರಿಕೊಂಡರು. 51 ವರ್ಷ. ಮಗನ ಜೊತೆ ಪ್ರವಾಸ ಹೋಗಿದ್ದರು. ಅದು ಗೊತ್ತಾದ ಮೇಲೆ ಆ ಕೊನೆಯ ಮುಖವನ್ನು ಮೊದಲಿನ ಹಾಗೆ ನೋಡಲು ನನ್ನಿಂದ ಆಗಿಲ್ಲ. ಅದರಲ್ಲಿ ಭಯ ಇದೆ ಎಂದು ಕೆಲವರು, ಏನೂ ಇಲ್ಲ ಎಂದು ಕೆಲವರು ಹೇಳುತ್ತಾರೆ. ನನಗೆ ಕಾಣುವುದು ಮಗಳಿಗಾಗಿ ಕಾಯುತ್ತಿರುವ ಅಪ್ಪನ ಮುಖ.

ಈಗ ಆ ದೃಶ್ಯ ಹಾಕುತ್ತೇನೆ. ದಯವಿಟ್ಟು ಈ ಸಲ ಜಾಕೆಟ್ಟಿನವನನ್ನು ಬಿಟ್ಟುಬಿಡಿ, ಅವನನ್ನು ನೋಡಿದ್ದು ಸಾಕು. ಮೇಜಿನ ಮೇಲಿನ ಮಾತು ಕೇಳಿ. ಮೆಡೋ ಎಷ್ಟು ಸಲ ಕಾರು ಹಿಂದಕ್ಕೆ ತೆಗೆಯುತ್ತಾಳೆ ಎಂದು ಎಣಿಸಿ. ಮೊದಲ ಸಲವೇ ಸರಿಯಾಗಿ ನಿಲ್ಲಿಸಿದ್ದರೆ ಅವಳು ಅಪ್ಪನ ಎದುರು ಕೂತು ಒಂದು ಈರುಳ್ಳಿ ರಿಂಗಾದರೂ ತಿಂದಿರುತ್ತಿದ್ದಳು.

ಹಿಂದೆ ಕೂತವರು ದೀಪ ಆರಿಸುತ್ತೀರಾ? ಪರದೆ ಕಪ್ಪಾದ ಕೂಡಲೇ ಹಾಕಬೇಡಿ. ಹೆಸರುಗಳು ಮುಗಿಯುವ ತನಕ ಹಾಗೇ ಇರಲಿ.