ಅತ್ತೆಯ ಹಾಲಿನ ಲೆಕ್ಕ ಮತ್ತು 730 ದಿನ

ಎಲ್ಲರಿಗೂ ನಮಸ್ಕಾರ. ಬ್ರಾಂಪ್ಟನ್‌ನ ಈ ಚಳಿಯಲ್ಲೂ ಇಷ್ಟು ಜನ ಬಂದಿದ್ದೀರಿ, ಹಿರಿಯರೇ ಜಾಸ್ತಿ. ನಾನು ಮಾತಾಡಬೇಕು ಅಂದುಕೊಂಡು ಬಂದದ್ದೂ ಹಿರಿಯರ ಬಗ್ಗೆಯೇ.

ಪಿಆರ್ ಅಂದರೆ ಪರ್ಮನೆಂಟ್ ರೆಸಿಡೆಂಟ್, ಸಿಟಿಜನ್ ಆಗದೆಯೂ ಕೆನಡಾದಲ್ಲಿ ಕಾಯಂ ಆಗಿ ಇರಬಹುದಾದವರು. ಆ ಪಿಆರ್ ಕಾರ್ಡಿನ ಲೆಕ್ಕ ನಿಮಗೆ ಗೊತ್ತಿರುವುದೇ. ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇರಬೇಕು. ಬಂದಿಳಿದ ದಿನವೂ ಸೇರುತ್ತದೆ, ಹೊರಟ ದಿನವೂ ಸೇರುತ್ತದೆ. ಕೆಲಸಕ್ಕೆ ಹೋಗುವ ಮಗನಿಗೆ ಇದನ್ನು ತೋರಿಸುವುದು ಸುಲಭ. ಕೆಲಸ ಕೊಟ್ಟವರು ವರ್ಷದ ಸಂಬಳ, ತೆರಿಗೆ ಬರೆದು ಕೊಡುವ ಟಿ4 ಇದೆ, ಸಂಬಳದ ಚೀಟಿ ಇದೆ. ಅದೇ ಮನೆಯಲ್ಲಿ ಮೊಮ್ಮಕ್ಕಳಿಗೆ ಅನ್ನ ಕಲಸಿ ಕೊಡುವ ಅಜ್ಜಿಯ ಹೆಸರಲ್ಲಿ ಏನಿದೆ, ಹೇಳಿ?

ಕಾರ್ಡ್ ನವೀಕರಿಸುವಾಗ ನಮ್ಮ ಅತ್ತೆಗೆ ಹೀಗೇ ಆಯಿತು. ಎರಡು ಸಲ ಮೈಸೂರಿಗೆ ಹೋಗಿದ್ದರು. ಎರಡನೇ ಸಲ ಮಂಡಿ ಆಪರೇಷನ್ ಆಗಿ ಬಹಳ ದಿನ ಉಳಿದರು. ಆ ಐದು ವರ್ಷದಲ್ಲಿ ಎರಡೂ ಸೇರಿ 980 ದಿನ. ಇಲ್ಲಿದ್ದದ್ದು 840ರ ಮೇಲೆ, ಸಾಕಾಗಿತ್ತು. ಆದರೂ ‘ಇಲ್ಲೇ ಇದ್ದಿರಿ ಅನ್ನುವುದಕ್ಕೆ ಇನ್ನಷ್ಟು ದಾಖಲೆ ಕೊಡಿ’ ಅಂತ ಇಮಿಗ್ರೇಷನ್ ಇಲಾಖೆಯಿಂದ ಕಾಗದ ಬಂತು. ಅತ್ತೆ ಸುಮ್ನೆ ಒಳಗೆ ಹೋಗಿ ಹಳೇ ಕ್ಯಾಲೆಂಡರುಗಳನ್ನು ತಂದು ಮೇಜಿನ ಮೇಲಿಟ್ಟರು. ಮೈಸೂರಿನಲ್ಲಿ ಹಾಲಿನವನ ಲೆಕ್ಕ ಬರೆದು ಬರೆದು ಅವರಿಗೆ ರೂಢಿ. ಇಲ್ಲೂ ನಾಲ್ಕು ಲೀಟರಿನ ಹಾಲಿನ ಚೀಲ ತಂದ ದಿನ ಪೆನ್ಸಿಲ್‌ನಲ್ಲಿ ‘ಹಾ’ ಅಂತ ಬರೆದಿದ್ದರು. ನಡುವೆ ತಿಂಗಳುಗಟ್ಟಲೆ ಖಾಲಿ. ಖಾಲಿ ಶುರುವಾಗುವ ಕಡೆ ‘ಊರಿಗೆ’, ಮುಗಿಯುವ ಕಡೆ ‘ಬಂದೆ’. ನೋಡಿ ನನಗೆ ಕಣ್ಣು ತುಂಬಿ ಬಂತು.

ಹಾಲಿನ ಲೆಕ್ಕವೊಂದನ್ನೇ ನಂಬಿ ಕೂರುವಂತಿರಲಿಲ್ಲ. ಆದರೆ ತಾರೀಖು ಸಿಕ್ಕಿತಲ್ಲ! ಅದನ್ನು ಹಿಡಿದು ವಿಮಾನದ ಟಿಕೆಟ್ ಹುಡುಕಿದೆವು. ಬೆಂಗಳೂರಿನ ಇಮಿಗ್ರೇಷನ್ ಸೀಲಿನ ಜೊತೆ ತಾಳೆ ನೋಡಿದೆವು. ಒಂದು ಸೀಲು ಹಳೇ ಪಾಸ್‌ಪೋರ್ಟಿನಲ್ಲಿತ್ತು. ಮೂಲೆ ಕತ್ತರಿಸಿ ವಾಪಸ್ ಕೊಡುತ್ತಾರಲ್ಲ, ಅದನ್ನು ದಯವಿಟ್ಟು ಎಸೆಯಬೇಡಿ. ಕ್ಲಿನಿಕ್ಕಿನಲ್ಲಿ ಅತ್ತೆ ಡಾಕ್ಟರನ್ನು ನೋಡಿದ ದಿನಗಳ ಪಟ್ಟಿ ಕೇಳಿ ತಂದೆವು. ಔಷಧಿ ಅಂಗಡಿಯ ಪಟ್ಟಿಯೂ ಸಿಕ್ಕಿತು. ಕಾರ್ಡ್ ಬಂತು.

ಅದಕ್ಕೇ ಮಕ್ಕಳಲ್ಲಿ ಕೇಳಿಕೊಳ್ಳುತ್ತೇನೆ. ಅಪ್ಪ ಅಮ್ಮನ ಹೆಸರಲ್ಲೂ ಕಾಗದ ಇರಲಿ. ಆದಾಯ ಇಲ್ಲದಿದ್ದರೂ ಪ್ರತಿ ವರ್ಷ ಅವರ ಟ್ಯಾಕ್ಸ್ ರಿಟರ್ನ್ ಹಾಕಿ, ಟ್ಯಾಕ್ಸ್ ಇಲಾಖೆಯಿಂದ ಅವರ ಹೆಸರಿಗೆ ನೋಟಿಸ್ ಆಫ್ ಅಸೆಸ್‌ಮೆಂಟ್ ಅನ್ನುವ ಕಾಗದ ಬರುತ್ತದೆ. ಅವರದೇ ಬ್ಯಾಂಕ್ ಖಾತೆ ಇರಲಿ, ಅವರೇ ಅದರಲ್ಲಿ ವ್ಯವಹಾರ ಮಾಡಲಿ. ಹಾಲಿನ ಲೆಕ್ಕವನ್ನೂ ಬಿಡಬೇಡಿ.

‘ಮಗ ಸಿಟಿಜನ್, ಊರಲ್ಲಿ ಅವನ ಜೊತೆಗೇ ಇದ್ದೆ, ಆ ದಿನಗಳೂ ಸೇರುತ್ತವೆ ಅಲ್ವಾ?’ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ. ಸಿಟಿಜನ್ ಆಗಿರುವ ಗಂಡನ ಅಥವಾ ಹೆಂಡತಿಯ ಜೊತೆ ಇದ್ದರೆ ಸೇರುತ್ತದೆ. ಮಗನ ಜೊತೆ ಇದ್ದರೆ ಸೇರುವುದಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ, ಇನ್ನೊಂದೇ ಮಾತು. ಕಾರ್ಡಿನ ಅವಧಿ ಮುಗಿದ ಮಾತ್ರಕ್ಕೆ ಪಿಆರ್ ಹೋಗುವುದಿಲ್ಲ. ಊರಲ್ಲಿದ್ದಾಗ ಮುಗಿದರೆ ಅಲ್ಲಿಂದಲೇ, ಕೆನಡಾಗೆ ವಾಪಸ್ ಬರಲು ಪಿಆರ್‌ಗಳಿಗೆ ಕೊಡುವ ಟ್ರಾವೆಲ್ ಡಾಕ್ಯುಮೆಂಟ್‌ಗೆ ಅರ್ಜಿ ಹಾಕಿ. ಕೊಡದಿದ್ದರೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಉಳಿದದ್ದು ಊಟದ ಹೊತ್ತಿಗೆ ಮಾತಾಡೋಣ. ಪಾಸ್‌ಪೋರ್ಟ್ ತಂದಿರುವವರು ಎಡಗಡೆ ಮೇಜಿನ ಹತ್ತಿರ ಬನ್ನಿ, ಕೂತು ದಿನ ಎಣಿಸೋಣ.