ಮೂರು ರಾತ್ರಿ ಮಡಿಕೇರಿಯಲ್ಲಿ ಇರಿ

ಕೇಳುಗರೇ, ನಮಸ್ಕಾರ.

ಮಕ್ಕಳಿಗೆ ರಜ ಬಂತು ಅಂದರೆ ಮೈಸೂರು, ಮಂಡ್ಯದ ಮನೆಗಳಲ್ಲಿ ಒಂದೇ ಮಾತು. ಮಡಿಕೇರಿಗೆ ಹೋಗೋಣ. ಹೋಗಿ, ಬಹಳ ಒಳ್ಳೆಯದು. ಮೂವತ್ತು ವರ್ಷದಿಂದ ಕಾಲೇಜು ಹುಡುಗ ಹುಡುಗಿಯರನ್ನು ಕರೆದುಕೊಂಡು ಕೊಡಗಿನ ಬೆಟ್ಟ ಹತ್ತುತ್ತಾ ಬಂದಿದ್ದೇನೆ. ಅದರ ಬಗ್ಗೆ ನಾಲ್ಕು ಮಾತಾಡಿ ಅಂತ ರೇಡಿಯೋ ನಿಲಯದವರು ಕರೆದಿದ್ದಾರೆ. ನಾಲ್ಕು ಬೇಡ, ನನ್ನ ಹತ್ತಿರ ಇರುವುದು ಒಂದೇ ಮಾತು. ಮಡಿಕೇರಿಯಲ್ಲಿ ಮೂರು ರಾತ್ರಿ ಇರಿ. ಹೋಗಿ ಬರಬೇಡಿ. ಇರಿ.

ಯಾಕೆ ಅಂತೀರಾ? ಲೆಕ್ಕ ಹಾಕೋಣ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ ದಾಟಿ ಮೇಲೆ ಸೇರಲು ಮೂರು ಗಂಟೆ. ಬರಲು ಮೂರು ಗಂಟೆ. ಮಡಿಕೇರಿಯಿಂದ ತಲಕಾವೇರಿಗೆ ಸುಮಾರು 45 ಕಿಲೋಮೀಟರ್. ಬರೀ ತಿರುವಿನ ರಸ್ತೆ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಒಟ್ಟು ಒಂಬತ್ತು ಗಂಟೆ ಸೀಟಿನ ಮೇಲೇ ಕಳೆಯಿತು. ಮಂಡ್ಯದವರು ಇನ್ನೆರಡು ಗಂಟೆ ಸೇರಿಸಿಕೊಳ್ಳಿ. ಮಿಕ್ಕಿದ್ದರಲ್ಲಿ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್, ನಿಸರ್ಗಧಾಮ, ದುಬಾರೆ, ಅಬ್ಬಿ ಜಲಪಾತ, ರಾಜಾಸೀಟ್! ಬೆಳಗಿನ ಜಾವ ಮೂರಕ್ಕೆ ಟೆಂಪೋ ಟ್ರಾವೆಲರ್ ಹತ್ತಿಸಿ, ಮಗುವಿಗೆ ಘಟ್ಟದ ತಿರುವಲ್ಲಿ ವಾಂತಿ ಮಾಡಿಸಿ, ಕತ್ತಲಾದ ಮೇಲೆ ರಾಜಾಸೀಟಿನ ಗೇಟು ತೋರಿಸಿ ಕರೆತಂದರೆ ಅದು ಪ್ರವಾಸ ಅಲ್ಲ. ಹೀಗೆ ಓಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ಕಾರಣ ಇದೆ. ಅದೇ ಮುಖ್ಯ. ನೀವು ಹೋದ ಗಳಿಗೆಗೆ ಸರಿಯಾಗಿ ಬೆಟ್ಟ ಕಾಣಿಸುವುದಿಲ್ಲ. ಪಶ್ಚಿಮದ ಕಡಲಿನಿಂದ ಬರುವ ತೇವದ ಗಾಳಿ ಘಟ್ಟಕ್ಕೆ ಬಡಿಯುತ್ತದೆ. ದಾರಿ ಇಲ್ಲದೆ ಮೇಲಕ್ಕೆ ಏರುತ್ತದೆ, ತಣ್ಣಗಾಗುತ್ತದೆ, ಮಂಜಾಗಿ ಕೂರುತ್ತದೆ. ನಮ್ಮ ಮೈಸೂರಿನ ಮೂರು ನಾಲ್ಕು ಪಟ್ಟು ಮಳೆ ಮಡಿಕೇರಿಯಲ್ಲಿ ಬೀಳುವುದೂ ಇದರಿಂದಲೇ. ಮಂಜು ಒಮ್ಮೊಮ್ಮೆ ಹತ್ತು ನಿಮಿಷಕ್ಕೆ ಸರಿಯುತ್ತದೆ, ಒಮ್ಮೊಮ್ಮೆ ಇಡೀ ದಿನ ಸರಿಯುವುದಿಲ್ಲ. ಕಾಯುವವರಿಗೆ ಬೆಟ್ಟ ಸಿಗುತ್ತದೆ. ಕಾಯಬೇಕಾದರೆ ಅಲ್ಲೇ ಇರಬೇಕು, ಅಲ್ವಾ?

ನನ್ನ ಅಕ್ಕನ ವಿಷಯ ಹೇಳುತ್ತೇನೆ ಕೇಳಿ. ಅವಳನ್ನು ಮದ್ದೂರಿನ ಹತ್ತಿರದ ಒಂದು ಊರಿಗೆ ಕೊಟ್ಟಿದೆ. ಭಾವನಿಗೆ ಎರಡು ಎಕರೆ ಕಬ್ಬು, ಒಂದು ಎಕರೆ ಭತ್ತ. ಎಲ್ಲಾ ವಿ.ಸಿ. ನಾಲೆಯಲ್ಲಿ ಬರುವ ಕಾವೇರಿ ನೀರು. ಮದುವೆಯಾದಾಗಿನಿಂದ ಆ ನೀರಲ್ಲೇ ನಾಟಿ ಹಾಕಿ, ಕಳೆ ಕಿತ್ತು ಅಕ್ಕನಿಗೆ ಅರವತ್ತೆಂಟು ವರ್ಷ ಆಗಿತ್ತು. ತಲಕಾವೇರಿ ಮಾತ್ರ ನೋಡಿರಲಿಲ್ಲ. ಒಂದು ನವೆಂಬರಿನಲ್ಲಿ ನಾನೇ ಹಟ ಹಿಡಿದು ಹೊರಡಿಸಿದೆ. ಮೂರು ರಾತ್ರಿ ಅಂತ ಕೇಳಿದ್ದೇ ಭಾವ ಹೌಹಾರಿದರು. "ಒಂದಿನಕ್ಕೆ ಹೋಗ್ಬರೋ ಜಾಗಕ್ಕೆ ರೂಮ್ಯಾಕಪ್ಪಾ? ಇಲ್ಲಿ ಹಸ ಯಾರ್ ನೋಡ್ಕತಾರೆ?" ಅಂದರು. ಪಕ್ಕದ ಮನೆಯವರಿಗೆ ಹಸ ಒಪ್ಪಿಸಿದ್ದಾಯಿತು.

ಮೊದಲ ದಿನ ಮಧ್ಯಾಹ್ನ ನೇರ ಭಾಗಮಂಡಲಕ್ಕೆ ಹೋಗಿ ಅಲ್ಲಿಂದ ಮೇಲೆ ಹತ್ತಿದೆವು. ತಲಕಾವೇರಿಯಲ್ಲಿ ಏನಿದೆ? ಬರೀ ಮಂಜು. ಕೊಳದ ಈ ಮೆಟ್ಟಿಲಲ್ಲಿ ನಿಂತರೆ ಆ ಕಡೆಯ ಮೆಟ್ಟಿಲು ಕಾಣದು. ಮಳೆ ಒಂದು ಹನಿ ಇಲ್ಲ, ಆದರೂ ಅಕ್ಕನ ಸೆರಗು ಹಿಂಡಿದರೆ ನೀರು ಬರುವಷ್ಟು ಒದ್ದೆ. ಭಾನುವಾರ ಬೇರೆ. ಜನ ಹಿಂದಿನಿಂದ ನೂಕುತ್ತಿದ್ದರು. ಅರ್ಧ ನಿಮಿಷ ಕೈ ಮುಗಿದು ಹೊರಗೆ ಬಂದಳು. "ಎಲ್ಲಾ ಬೆಳ್ಳಗದೆ ಕಣ್ಲಾ ತಮ್ಮ, ಏನೂ ಕಾಣ್ನಿಲ್ಲ" ಅಂದಳು. ಭಾವ ಆಗಲೇ ಕಾರಿನ ಬಾಗಿಲು ತೆಗೆದಿದ್ದರು. "ದರ್ಸನ ಆಯ್ತಲ್ಲ, ನಡೀರಿ ಊರಿಗೆ." ರೂಮಿಗೆ ಪೂರಾ ದುಡ್ಡು ಕೊಟ್ಟಾಗಿದೆ ಭಾವ ಅಂದೆ. ಆ ಒಂದು ಮಾತಿಗೆ ಉಳಿದರು.

ಎರಡನೇ ದಿನ ಕಾರು ಮುಟ್ಟಲಿಲ್ಲ. ಮಡಿಕೇರಿ ನಡೆದು ನೋಡುವ ಊರು. ಓಂಕಾರೇಶ್ವರ ದೇವಸ್ಥಾನಕ್ಕೆ ಹೋದೆವು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಈಶ್ವರನ ಗುಡಿ, ಮೇಲೆ ಗುಮ್ಮಟ, ಮುಂದೆ ಕೊಳ. ಅಕ್ಕ ಕೊಳದ ಮೀನು ನೋಡುತ್ತಾ ಒಂದು ಗಂಟೆ ಮೆಟ್ಟಿಲ ಮೇಲೆ ಕೂತಳು. ಯಾರೂ ಏಳು ಅನ್ನಲಿಲ್ಲ. ಆಮೇಲೆ ಕೋಟೆ. 1681ರಲ್ಲಿ ಮುದ್ದುರಾಜ ಊರು ಕಟ್ಟಿದ. ಮುದ್ದುರಾಜನ ಕೇರಿಯೇ ಜನರ ಬಾಯಲ್ಲಿ ಮಡಿಕೇರಿ ಆಯಿತು. ಕೋಟೆಯೊಳಗೆ ಗಾರೆಯ ಎರಡು ಆನೆ ಇವೆ, ನಿಜವಾದ ಆನೆಯಷ್ಟೇ ದೊಡ್ಡವು. ಅಕ್ಕ ಹೋಗಿ ಸೊಂಡಿಲು ಸವರಿ ಕೈ ಕಣ್ಣಿಗೊತ್ತಿಕೊಂಡಳು. ಸಂಜೆ ಅಂಗಡಿಯಲ್ಲಿ ಭಾವ ಕೊಡಗಿನ ಕಿತ್ತಳೆ ಸಿಕ್ಕಿತು ಅಂತ ಎರಡು ಕೆಜಿ ಕೊಂಡರು. ಸಿಪ್ಪೆ ಸಡಿಲವಾಗಿ ಕೈಗೇ ಬಂತು. "ಇದಕ್ಕೆ ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ತಾರಂತೆ?" ಅಂತ ಅಂಗಡಿಯವನನ್ನು ಕೇಳುತ್ತಾ ನಿಂತರು. ಊರಿನ ಮಾತೇ ಮರೆತಿದ್ದರು.

ಮೂರನೇ ದಿನ ಬೆಳಗ್ಗೆ ಐದೂವರೆಗೆ ಕಿಟಕಿ ತೆಗೆದೆ. ತುಂಬಾ ನಕ್ಷತ್ರ. ಎಬ್ಬಿಸಿದೆ, ಹೊರಟೆವು. ಏಳೂವರೆಗೆ ಮತ್ತೆ ತಲಕಾವೇರಿ. ಜನ ಇಲ್ಲ. ಎಳೆ ಬಿಸಿಲು. ಬ್ರಹ್ಮಗಿರಿ ಬೆಟ್ಟ ಪೂರ್ತಿ ಕಾಣುತ್ತಿತ್ತು. ಕೆಳಗೆ ಸಾಲು ಸಾಲು ಬೆಟ್ಟ, ಒಂದರ ಹಿಂದೆ ಒಂದು, ನೀಲಿಯಾಗಿ. ಭಾವ ಏನೂ ಮಾತಾಡಲಿಲ್ಲ. ಅಂಗಿ ಜೇಬಿನಿಂದ ಬೀಡಿ ಕಟ್ಟು ತೆಗೆದು, ವಾಪಸ್ ನಡೆದು ಹೋಗಿ ಕಾರಲ್ಲಿ ಇಟ್ಟು ಬಂದರು. ಆಮೇಲೆ ಒಳಗೆ ಕಾಲಿಟ್ಟರು.

ಕಾವೇರಿ ಹುಟ್ಟುವ ಕುಂಡಿಕೆ ಅಂದರೆ ಒಂದು ಪುಟ್ಟ ಚೌಕದ ಗುಂಡಿ, ಅಷ್ಟೇ. ಅಕ್ಕ ಬಗ್ಗಿ ನೋಡಿದಳು. ಎದ್ದು ನನ್ನ ಮುಖ ನೋಡಿದಳು. ಮತ್ತೆ ಬಗ್ಗಿದಳು. "ಇಷ್ಟೇನ್ಲಾ? ಇದೇನೇನ್ಲಾ ನಮ್ ಗದ್ದೆಗೆ ಬರಾದು?" ಅಂದಳು. ಇದೇ ಅಕ್ಕ. ಕೆಳಗೆ ಭಾಗಮಂಡಲದಲ್ಲಿ ಕನ್ನಿಕೆ ಸೇರುತ್ತದೆ. ಕುಶಾಲನಗರದ ಹತ್ತಿರ ಹಾರಂಗಿ ಸೇರುತ್ತದೆ. ಹೇಮಾವತಿ, ಲಕ್ಷ್ಮಣತೀರ್ಥ ಸೇರಿ ಕನ್ನಂಬಾಡಿ ಕಟ್ಟೆ ತುಂಬುತ್ತದೆ. ಅಲ್ಲಿಂದ ನಾಲೆ, ನಾಲೆಯಿಂದ ನಿನ್ನ ಬದು. ಮೆಟ್ಟಿಲ ಮೇಲೆ ಕೂತು ನೆಲದಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಅವಳು ಆ ಗೆರೆಯನ್ನು ಮತ್ತೊಂದು ಸಲ ತಾನೇ ಎಳೆದಳು. ಕೊನೆಯಲ್ಲಿ ಒಂದು ಚುಕ್ಕಿ ಇಟ್ಟು "ಇದು ನಮ್ ಗದ್ದೆ" ಅಂದಳು.

ಮೊದಲ ದಿನವೇ ವಾಪಸ್ ಬಂದಿದ್ದರೆ ಅಕ್ಕನಿಗೆ ತಲಕಾವೇರಿ ಅಂದರೆ ಬಿಳಿ ಮಂಜು, ಒದ್ದೆ ಸೆರಗು. ಅದಕ್ಕೇ ಮತ್ತೆ ಹೇಳುತ್ತೇನೆ. ಮೂರು ರಾತ್ರಿ ಇರಿ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮಡಿಕೇರಿಯಿಂದ ದಾರಿಗಳು ಎಲ್ಲಾ ಕಡೆಗೂ ಹೋಗುತ್ತವೆ. ಅದಕ್ಕೇ ಅಲ್ಲಿ ಬಿಡಾರ ಹೂಡಿ ಅನ್ನುವುದು. ದಿನಕ್ಕೆ ಒಂದೇ ದಿಕ್ಕು ಹಿಡಿಯಿರಿ. ನಡೆಯುವ ಶಕ್ತಿ ಇರುವವರು ಕಕ್ಕಬ್ಬೆ ಕಡೆ ಹೋಗಿ. ಅಲ್ಲಿ 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ. ಅದರ ಪಕ್ಕದಿಂದಲೇ ತಡಿಯಂಡಮೋಳ್ ಹತ್ತುವ ದಾರಿ. ಕೊಡಗಿನಲ್ಲೇ ಎತ್ತರದ ಬೆಟ್ಟ, 1,748 ಮೀಟರ್. ಅರಣ್ಯ ಇಲಾಖೆಯ ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ಮಾಡಿಸಿ. ಬೆಳಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ಇಳಿಯಿರಿ. ಮಾಂದಲಪಟ್ಟಿ ಬೆಟ್ಟಕ್ಕೆ ನಿಮ್ಮ ಕಾರು ಬೇಡ, ಬಾಡಿಗೆ ಜೀಪು ಹಿಡಿಯಿರಿ. ದುಬಾರೆಯಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದು ಬೆಳಗ್ಗೆ. ಮಧ್ಯಾಹ್ನ ಹೋಗಿ ಆನೆ ಎಲ್ಲಿ ಅಂತ ಕೇಳಬೇಡಿ. ರಾಜಾಸೀಟಿಗೆ ಎಲ್ಲರೂ ಸಂಜೆ ನುಗ್ಗುತ್ತಾರೆ. ನೀವು ಬೆಳಗ್ಗೆ ಹೋಗಿ, ಕಣಿವೆ ತುಂಬಾ ಮಂಜು ಹಾಲಿನ ಹಾಗೆ ನಿಂತಿರುತ್ತದೆ.

ಯಾವಾಗ ಹೋಗಬೇಕು? ಬೆಟ್ಟ ನೋಡಲು ಅಕ್ಟೋಬರಿನಿಂದ ಫೆಬ್ರವರಿ. ಜೂನಿನಿಂದ ಸೆಪ್ಟೆಂಬರ್ ಮಳೆಗಾಲ. ಅಬ್ಬಿ ಭೋರ್ಗರೆಯುತ್ತದೆ ನಿಜ, ಆದರೆ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಊರೂರೇ ಕೊಚ್ಚಿ ಹೋದದ್ದು ನೆನಪಿರಲಿ. ಮಕ್ಕಳು, ವಯಸ್ಸಾದವರನ್ನು ಆಗ ಕರೆದುಕೊಂಡು ಹೋಗಬೇಡಿ. ನನ್ನನ್ನು ಕೇಳಿದರೆ ಮಾರ್ಚಿಯಲ್ಲಿ ಒಂದು ಸಲ ಹೋಗಿ. ಕಾಫಿ ಹೂ ಅರಳಿಸುವ ಮಳೆಗೆ ಹೂಮಳೆ ಅಂತಾರೆ. ಅದು ಬಿದ್ದು ವಾರ ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ ಅರಳುತ್ತದೆ. ನಮ್ಮ ಮೈಸೂರು ಮಲ್ಲಿಗೆಯಂಥದ್ದೇ ಘಮ. ತೋಟದ ಬೇಲಿಯ ಹೊರಗೆ ನಿಂತು ನೋಡಿ, ಒಳಗೆ ನುಗ್ಗಬೇಡಿ. ಅದು ಇನ್ನೊಬ್ಬರ ಬೆಳೆ. ನಿಮ್ಮ ಕಬ್ಬಿನ ಗದ್ದೆಗೆ ಯಾರೋ ನುಗ್ಗಿ ಫೋಟೋ ತೆಗೆದರೆ ಸುಮ್ನೆ ಇರುತ್ತೀರಾ?

ಹೋಂಸ್ಟೇಯಲ್ಲಿ ಇಳಿದರೆ ಊಟ ಏನು ಬೇಕು ಅಂತ ಹಿಂದಿನ ದಿನವೇ ಹೇಳಿ. ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಶಾವಿಗೆಯಂಥ ನೂಲ್‌ಪುಟ್ಟು ಮಾಡಿಕೊಡುತ್ತಾರೆ. ಮಳೆಗಾಲವಾದರೆ ಎಳೆ ಬಿದಿರಿನ ಕಳಲೆ ಪಲ್ಯವೂ ಸಿಗುತ್ತದೆ. ಜಿಗಣೆ ಹತ್ತಿದರೆ ಕಿತ್ತೆಸೆಯಬೇಡಿ, ಸ್ವಲ್ಪ ಉಪ್ಪು ಹಾಕಿ, ತಾನೇ ಬಿಡುತ್ತದೆ. ನೀರಿನ ಬಾಟಲಿ, ಕುರುಕಲು ತಿಂಡಿಯ ಕವರು, ಎಲ್ಲವನ್ನೂ ವಾಪಸ್ ತನ್ನಿ. ಅಲ್ಲಿ ಬಿಸಾಕಿದ್ದು ನದಿ ಹಿಡಿದು ನಮ್ಮ ಕನ್ನಂಬಾಡಿಗೇ ಬರುತ್ತದೆ.

ದಸರಾ ಹೊತ್ತಿಗೆ, ಅಕ್ಟೋಬರಿನ ತುಲಾ ಸಂಕ್ರಮಣದ ಹೊತ್ತಿಗೆ ಹೋಗುವವರು ತಿಂಗಳ ಮೊದಲೇ ರೂಮು ಹೇಳಿಡಿ. ವಾರದ ಮಧ್ಯೆ ಹೋದರೆ ಬಾಡಿಗೆಯೂ ಕಡಿಮೆ, ಜನವೂ ಕಡಿಮೆ. ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಸರ್ಕಾರಿ ಬಸ್ಸು ಇದೆ, ಕಾರೇ ಬೇಕು ಅಂತಿಲ್ಲ. ಫೋನ್ ಮಾಡುವಾಗ ಮರೆಯದೆ ಮೂರು ರಾತ್ರಿಗೆ ಅಂತ ಹೇಳಿ. ಸ್ವೆಟರ್ ತೆಗೆದುಕೊಳ್ಳಿ, ಅಜ್ಜಿಗೆ ಎರಡು.

ನಮಸ್ಕಾರ.